ಎರೆ ಇಟ್ಟವನೂ ಬೇಟೆಗಾರನೇ?

ಬೇಟೆ ಎಂದರೆ ಕೋವಿ, ಗುಂಡು, ಸತ್ತ ಪ್ರಾಣಿ ಎಂಬುದು ಸಾಮಾನ್ಯ ತಿಳುವಳಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯ ವ್ಯಾಪ್ತಿ ಇದಕ್ಕಿಂತ ಬಹಳ ದೊಡ್ಡದು. ಅದರ 2(16)ನೇ ಕಲಂನಲ್ಲಿ ಕೊಲ್ಲುವುದು, ವಿಷ ಹಾಕುವುದರ ಜೊತೆಗೆ ಹಿಡಿಯುವುದು, ಬೆನ್ನಟ್ಟುವುದು, ಉರುಳು ಹಾಕುವುದು, ಬೋನಿಗೆ ಬೀಳಿಸುವುದು, ಸೋವುವುದು, ಎರೆ ಒಡ್ಡುವುದು ಎಲ್ಲವೂ ಬೇಟೆಯೇ. ಅದಕ್ಕಾಗಿ ಮಾಡಿದ ಪ್ರಯತ್ನವೂ ಬೇಟೆಯೇ. ಪ್ರಾಣಿಯ ಒಂದು ಕೂದಲೂ ಕೊಂಕದಿದ್ದರೂ ಎರೆ ಇಟ್ಟವನು ಕಾನೂನಿನ ಕಣ್ಣಲ್ಲಿ ಬೇಟೆಗಾರ.

ಇದು ಬರೀ ಪುಸ್ತಕದ ಮಾತಲ್ಲ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಜೀವಂತ ಕೋಳಿಯನ್ನು ತೋರಿಸಿ ಸಿಂಹಿಣಿಯನ್ನು ಹತ್ತಿರ ಕರೆದವರ ವಿಡಿಯೊ ಎಲ್ಲೆಡೆ ಹರಿದಾಡಿತು. 2021ರಲ್ಲಿ ಅಲ್ಲಿನ ನ್ಯಾಯಾಲಯ ಅವರಿಗೆ ಜೈಲು ಶಿಕ್ಷೆ ವಿಧಿಸಿತು. ಸಿಂಹಿಣಿಗೆ ಏನೂ ಆಗಿರಲಿಲ್ಲ. ಆದರೆ ಮನುಷ್ಯನ ಕೈಯಿಂದ ಆಹಾರ ಸಿಗುತ್ತದೆ ಎಂಬ ಪಾಠ ಅದಕ್ಕೆ ಆಗಿತ್ತು. ಆ ಪಾಠ ಎಂಥದ್ದೆಂದು ಕಾಡಂಚಿನಲ್ಲಿ ಬದುಕುವವರಿಗೆ ಗೊತ್ತು.

ಇಷ್ಟರಮಟ್ಟಿಗೆ ಕಾನೂನು ಸರಿಯಾಗಿಯೇ ಇದೆ. ತೊಡಕು ಇರುವುದು ಬೇರೆ ಕಡೆ. ಎರೆ ಎಂದರೆ ಏನು ಎಂದು ಕಾಯ್ದೆ ವಿವರಿಸುವುದಿಲ್ಲ. ವಿವರಣೆ ಇಲ್ಲದ ಪದ ಅಧಿಕಾರಿಯ ಕೈಯಲ್ಲಿ ಎಲಾಸ್ಟಿಕ್ಕಿನಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಸಾಮಾನ್ಯವಾಗಿ ಬಡವನ ಮುಂದೆ ಹಿಗ್ಗುತ್ತದೆ, ಹಣವಂತನ ಮುಂದೆ ಕುಗ್ಗುತ್ತದೆ.

ಊರಿಗೆ ಬಂದ ಚಿರತೆಯನ್ನು ಹಿಡಿಯಲು ಅರಣ್ಯ ಇಲಾಖೆ ಬೋನಿನಲ್ಲಿ ಮೇಕೆಯನ್ನೋ ನಾಯಿಯನ್ನೋ ಕಟ್ಟುತ್ತದೆ. ಅದೂ ಎರೆಯೇ, ಆದ್ದರಿಂದ ಅದೂ ಬೇಟೆಯೇ. ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಆದೇಶ ಇರುವುದರಿಂದ ಅದು ಅಪರಾಧವಲ್ಲ. 2018ರಲ್ಲಿ ಮಹಾರಾಷ್ಟ್ರದ ಪಾಂಢರಕವಡಾದಲ್ಲಿ ಟಿ-1 ಹುಲಿಯ ಹುಡುಕಾಟಕ್ಕೆ ಸುಗಂಧದ್ರವ್ಯವನ್ನೂ ಬಳಸಿದ್ದರು. ವಾಸನೆಯೂ ಎರೆ ಆಗಬಲ್ಲದು ಎಂದಾಯಿತು. ಹಾಗಾದರೆ ಸಫಾರಿ ದಾರಿಯ ಪಕ್ಕ ಸುರಿದ ಉಪ್ಪು? ರೆಸಾರ್ಟಿನ ಜಗಲಿಗೆ ಕಾಣುವಂತೆ ತೋಡಿಸಿದ ನೀರಿನ ಹೊಂಡ? ಫೋಟೊಗ್ರಾಫರುಗಳ ಮರೆಗೂಡಿನ ಮುಂದೆ ಹಕ್ಕಿಗಾಗಿ ಇಟ್ಟ ಹುಳುಗಳ ಬಟ್ಟಲು? ಈ ಯಾವುದಕ್ಕೂ ಲಿಖಿತ ಆದೇಶ ಇರುವುದಿಲ್ಲ. ಆದರೂ ಇವನ್ನು ಬೇಟೆ ಎಂದು ಯಾರೂ ಕರೆಯುವುದಿಲ್ಲ.

ಹಿಂದೆ ಹುಲಿ ನೋಡಲು ಬಂದ ಅತಿಥಿಗಳಿಗಾಗಿ ಎಮ್ಮೆಗರುವನ್ನು ಕಟ್ಟುವ ಪದ್ಧತಿ ರಾಷ್ಟ್ರೀಯ ಉದ್ಯಾನಗಳಲ್ಲೇ ಇತ್ತು. 1982ರ ತಿದ್ದುಪಡಿಯ ನಂತರ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಅದನ್ನು ಹೆಸರಿಟ್ಟೇ ಅಪರಾಧ ಎಂದಿತು. ಆದರೆ ಎರಡು ಸೋರುಕಿಂಡಿಗಳು ಉಳಿದವು. ಒಂದು, ಅಪರಾಧವಾಗಲು ಉದ್ದೇಶ ಕೇವಲ ಮನರಂಜನೆ ಆಗಿರಬೇಕು. ಎರಡು, ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಅದೇ ಕೃತ್ಯವನ್ನು ವನ್ಯಜೀವಿ ಕಾಯ್ದೆಯಡಿ ಬೇಟೆ ಎಂದು ಹಿಡಿದರೆ, ಮೊದಲನೇ ಅನುಸೂಚಿಯ ಪ್ರಾಣಿಗೆ ಕನಿಷ್ಠ 3 ವರ್ಷ ಜೈಲು. 50 ರೂಪಾಯಿಗೂ 3 ವರ್ಷಕ್ಕೂ ನಡುವಿನ ಅಂತರವನ್ನು ತೀರ್ಮಾನಿಸುವುದು ಪ್ರಕರಣ ಬರೆಯುವವರ ಪೆನ್ನು.

ಇನ್ನು ಕಾಡುಹಂದಿಯ ವಿಷಯ. 2023ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅದು ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯ ತರುವ ಹಂದಿಯನ್ನು ಬೇಟೆಯಾಡಲು 11ನೇ ಕಲಂ ಅನುಮತಿಗೆ ದಾರಿ ಕೊಡುತ್ತದೆ. ಕೇರಳ 2022ರಲ್ಲಿ ಈ ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿತು. ವಿಷ, ಸ್ಫೋಟಕ, ವಿದ್ಯುತ್ ಬಳಸಕೂಡದು ಎಂದಿತು. ಈಗ ಅಕ್ಷರಶಃ ಓದಿದರೆ, ಬೇಟೆ ಎಂಬ ಪದದೊಳಗೆ ಎರೆಯೂ ಇದೆ. ಬೇಟೆಗೆ ಅನುಮತಿ ಸಿಕ್ಕ ರೈತ ಗದ್ದೆಯ ಬದುವಿನಲ್ಲಿ ಹಲಸಿನ ತೊಳೆ ಇಟ್ಟು ಅಟ್ಟಣೆಯ ಮೇಲೆ ಕಾಯಬಹುದೇ? ಆದೇಶದಲ್ಲಿ ಆ ಮಾತು ಇಲ್ಲದಿದ್ದರೆ ಹೌದು ಎಂದೂ ವಾದಿಸಬಹುದು, ಇಲ್ಲ ಎಂದೂ ವಾದಿಸಬಹುದು. ಬೆಳೆ ತಿನ್ನಲು ಬಂದ ಹಂದಿಯನ್ನು ಹೊಡೆಯುವುದು ಒಂದು, ತಿನ್ನಲು ಕರೆದು ಹೊಡೆಯುವುದು ಇನ್ನೊಂದು. ಮೊದಲನೆಯದು ರಕ್ಷಣೆ. ಎರಡನೆಯದರಲ್ಲಿ, ಗದ್ದೆಗೆ ಬಾರದ ಹಂದಿಯೂ ಬಂದು ಸಾಯುತ್ತದೆ.

ಎರೆಗೆ ಅತಿಥಿಯನ್ನು ಆರಿಸಲು ಬರುವುದಿಲ್ಲ. 2020ರ ಮೇ ತಿಂಗಳಲ್ಲಿ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಸುರಿ ಆನೆಯೊಂದು ಸಿಡಿಮದ್ದು ಅಡಗಿಸಿದ್ದ ತಿನಿಸು ಕಚ್ಚಿ, ಬಾಯಿ ಒಡೆದು, ನೀರಿನಲ್ಲಿ ನಿಂತು ಸತ್ತಿತು. ಅದನ್ನು ಇಟ್ಟಿದ್ದು ಹಂದಿಗೆ ಎಂದು ತನಿಖೆಯಲ್ಲಿ ಕಂಡುಬಂತು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು 4 ಮರಿಗಳು ಒಟ್ಟಿಗೆ ಸತ್ತವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರು. ಹಸು ಕಳೆದುಕೊಂಡವನ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಆ ಸಿಟ್ಟಿಗೆ, ಹಸುವನ್ನು ಕೊಂದಿರಲಾರದ ಮರಿಗಳೂ ಬಲಿಯಾದವು.

ಕಾಯ್ದೆಯ ಪದ ವಿಶಾಲವಾಗಿರುವುದೇ ಒಳ್ಳೆಯದು, ವಿವರಿಸಿದರೆ ಕಳ್ಳನಿಗೆ ಹೊಸ ದಾರಿ ತೋರಿಸಿದಂತೆ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಎಲ್ಲರನ್ನೂ ಹಿಡಿಯಬಲ್ಲ ಕಾನೂನು ಕೊನೆಗೆ ಹಿಡಿಯುವುದು ಸುಲಭಕ್ಕೆ ಸಿಕ್ಕವರನ್ನು. ಮುಂಬೈಯ ಸಂಜಯ್ ಗಾಂಧಿ ಉದ್ಯಾನದ ಅಂಚಿನ ಕಸಕ್ಕೆ ನಾಯಿಗಳು, ನಾಯಿಗಳ ಹಿಂದೆ ಚಿರತೆಗಳು ಬರುತ್ತವೆ. ದೆಹಲಿಯ ಯಮುನೆಯಲ್ಲಿ ಫೋಟೊಗಾಗಿ ವಲಸೆ ಹಕ್ಕಿಗಳಿಗೆ ಸೇವ್ ಎರಚುತ್ತಾರೆ. ಮೊದಲನೆಯದು ಅಸಡ್ಡೆ, ಎರಡನೆಯದು ಎರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಎರಡನ್ನೂ ತೂಗದೆ ಬಿಡುವುದೂ ಸರಿಯಲ್ಲ.

ಆದ್ದರಿಂದ ಬೇಕಿರುವುದು ಹೊಸ ಕಾಯ್ದೆಯಲ್ಲ, ಸ್ಪಷ್ಟ ನಿಯಮಗಳು. ನಿಂತ ಬೆಳೆ, ಹಿತ್ತಲಿನ ಹಣ್ಣು, ಕೊಟ್ಟಿಗೆಯ ದನ ಎರೆಯಲ್ಲ ಎಂದು ಅವು ಮೊದಲೇ ಹೇಳಬೇಕು. ಬೇಟೆಯ ಅನುಮತಿಪತ್ರದಲ್ಲಿ ಎರೆ ಬಳಸಬಹುದೇ, ಯಾವುದನ್ನು, ಎಷ್ಟು ದಿನ ಎಂದು ಬರೆದಿರಬೇಕು. ಬರೆದಿಲ್ಲ ಎಂದರೆ ಇಲ್ಲ ಎಂದೇ ಅರ್ಥ. ಹಣ ಪಡೆದು ಪ್ರಾಣಿ ತೋರಿಸುವವರು ಅದನ್ನು ಸೆಳೆಯಲು ಇಡುವ ಆಹಾರ, ಉಪ್ಪು, ವಾಸನೆ ಎಲ್ಲವೂ ಎರೆ ಎಂದು ಪರಿಗಣಿಸಬೇಕು. ಕೇಳಬೇಕಾದ ಪ್ರಶ್ನೆ ಇಟ್ಟವನ ಮನಸ್ಸು ಎಷ್ಟು ಒಳ್ಳೆಯದು ಎಂಬುದಲ್ಲ, ತಿಂದ ಪ್ರಾಣಿ ಮರುದಿನ ಎಲ್ಲಿಗೆ ಬರುತ್ತದೆ ಎಂಬುದು.

ಆಮಿಷ ಎಂಬ ಪದಕ್ಕೆ ಮಾಂಸ ಎಂಬ ಅರ್ಥವೂ ಇದೆ, ಪ್ರಲೋಭನೆ ಎಂಬ ಅರ್ಥವೂ ಇದೆ. ಕಾಡಿನ ಮಟ್ಟಿಗೆ ಆ ಎರಡೂ ಒಂದೇ. ಒಡ್ಡಿದವನು ಕೋವಿ ಹಿಡಿದಿದ್ದಾನೋ ಕ್ಯಾಮೆರಾ ಹಿಡಿದಿದ್ದಾನೋ ಎಂಬುದನ್ನು ನೋಡಿ ಕಾನೂನು ತನ್ನ ದನಿ ಬದಲಿಸಬಾರದು.