ಖೋಡದ್‌ನ ಬಯಲು, ಹಾಲಹಳ್ಳಿಯ ಕ್ಯಾಂಪಸ್

ಪುಣೆಯಿಂದ ನಾಸಿಕ್ ರಸ್ತೆ ಹಿಡಿದು ಸುಮಾರು 80 ಕಿಲೊಮೀಟರ್ ಹೋದರೆ ನಾರಾಯಣಗಾಂವ್ ಸಿಗುತ್ತದೆ. ಟೊಮೆಟೊ ಮಾರುಕಟ್ಟೆಗೆ, ದ್ರಾಕ್ಷಿಗೆ, ತಮಾಶಾ ಮೇಳಗಳಿಗೆ ಹೆಸರಾದ ಊರು. ಅಲ್ಲಿಂದ ಪೂರ್ವಕ್ಕೆ ಹೊರಳಿ ಹೊಲಗಳ ನಡುವೆ ಸಾಗಿದರೆ ಖೋಡದ್. ಕಬ್ಬು, ಈರುಳ್ಳಿ, ತರಕಾರಿ ಬೆಳೆಯುವ ಈ ಬಯಲಲ್ಲಿ 45 ಮೀಟರ್ ಅಗಲದ ಆಂಟೆನಾಗಳು ಬಟ್ಟಲಿನಂತೆ ಆಕಾಶಕ್ಕೆ ಮುಖ ಮಾಡಿ ನಿಂತಿವೆ. ಒಟ್ಟು 30 ಆಂಟೆನಾಗಳ ಪೈಕಿ 14 ಒಂದೇ ಕಡೆ ಗುಂಪಾಗಿವೆ. ಉಳಿದ 16 ಇಂಗ್ಲಿಷಿನ ‘ವೈ’ ಅಕ್ಷರದ ಮೂರು ತೋಳುಗಳಂತೆ ಸುತ್ತಲಿನ ಹಳ್ಳಿಗಳಿಗೆ ಹರಡಿವೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 25 ಕಿಲೊಮೀಟರ್. ಜೈಂಟ್ ಮೀಟರ್‌ವೇವ್ ರೇಡಿಯೊ ಟೆಲಿಸ್ಕೋಪ್, ಅಂದರೆ ಜಿಎಂಆರ್‌ಟಿ ಇದೇ. ತೋಳಿನ ಆಂಟೆನಾಗಳ ಬುಡದವರೆಗೂ ಉಳುಮೆ ನಡೆಯುತ್ತದೆ. ನೆಲದಡಿ ಹೂತ ಆಪ್ಟಿಕಲ್ ಫೈಬರ್ ಕೇಬಲ್ಲುಗಳು ಆಕಾಶದ ಸದ್ದನ್ನು ನಡುವಿನ ಕಟ್ಟಡಕ್ಕೆ ಒಯ್ಯುತ್ತವೆ.

ಕರ್ನಾಟಕದಲ್ಲಿ ಹಳ್ಳಿಗಾಡಿನ ಹೊಸ ವಿಶ್ವವಿದ್ಯಾಲಯಗಳ ಬಗ್ಗೆ ನಡೆಯುತ್ತಿರುವ ಚರ್ಚೆಗೆ ಈ ಬಯಲಿನಿಂದ ಕಲಿಯುವುದು ಬಹಳವಿದೆ. ಜಿಎಂಆರ್‌ಟಿ ವಿಶ್ವವಿದ್ಯಾಲಯವಲ್ಲ ನಿಜ. ಆದರೆ ಸರ್ಕಾರದ ಹಣದಲ್ಲಿ, ನಗರದಿಂದ ದೂರದಲ್ಲಿ, ಜಗತ್ತೇ ತಿರುಗಿ ನೋಡುವಂಥ ಸಂಶೋಧನೆ ನಡೆಸಲು ಏನೇನು ಬೇಕು ಎಂಬ ಪ್ರಶ್ನೆಗೆ ಇಷ್ಟು ಹತ್ತಿರದಲ್ಲಿ ಸಿಗುವ ಉತ್ತರ ಇನ್ನೊಂದಿಲ್ಲ.

ಈ ದೂರದರ್ಶಕದ ಹಿಂದಿದ್ದವರು ಗೋವಿಂದ ಸ್ವರೂಪ್. 1970ರಲ್ಲಿ ಅವರ ತಂಡ ಊಟಿಯಲ್ಲಿ 530 ಮೀಟರ್ ಉದ್ದದ ರೇಡಿಯೊ ದೂರದರ್ಶಕ ಕಟ್ಟಿತು. ಆ ಜಾಗದ ಅಕ್ಷಾಂಶಕ್ಕೆ ಸರಿಸಮನಾದ ಇಳಿಜಾರು ಇರುವ ಗುಡ್ಡವನ್ನು ಹುಡುಕಿ ಹಿಡಿದಿದ್ದರಿಂದ ದೂರದರ್ಶಕದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಯಿತು. ಒಂದೇ ದಿಕ್ಕಿನಲ್ಲಿ ತಿರುಗಿಸಿದರೆ ಸಾಕು, ನಕ್ಷತ್ರವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಗುಡ್ಡವೇ ಯಂತ್ರದ ಒಂದು ಭಾಗವಾಯಿತು. ಖೋಡದ್‌ನಲ್ಲೂ ಹೀಗೇ. ಮನುಷ್ಯ ಎಬ್ಬಿಸುವ ರೇಡಿಯೊ ಗದ್ದಲ ಇಲ್ಲಿ ಕಡಿಮೆ, ಆದರೂ ಪುಣೆ ದೂರವಿಲ್ಲ. ದೊಡ್ಡ ಆಂಟೆನಾಗಳ ಖರ್ಚು ತಗ್ಗಿಸಲು ಘನ ತಗಡಿನ ಬದಲು ಸಣ್ಣ ಸ್ಟೀಲ್ ತಂತಿಯ ಜಾಲವನ್ನು ಎಳೆದು ಬಿಗಿಯುವ ವಿನ್ಯಾಸ ಮಾಡಿದರು. ಹತ್ತಿರ ನಿಂತು ತಲೆಯೆತ್ತಿದರೆ ಆ ಜಾಲದ ಮೂಲಕವೇ ಮೋಡ ಕಾಣುತ್ತದೆ. ಗಾಳಿ ಅದರೊಳಗಿಂದ ಹಾದುಹೋಗುವುದರಿಂದ ಆಂಟೆನಾ ಹಗುರವಾಗಿದ್ದರೂ ನಡೆಯುತ್ತದೆ. ಬಡ ದೇಶದ ಮಿತಿಯನ್ನೇ ಎಂಜಿನಿಯರುಗಳು ಹೊಸ ವಿದ್ಯೆಯಾಗಿ ಮಾಡಿಕೊಂಡರು.

1984ರಲ್ಲಿ ಹುಟ್ಟಿದ ಕಲ್ಪನೆ ಜಗತ್ತಿನ ವಿಜ್ಞಾನಿಗಳಿಗೆಲ್ಲ ತೆರೆದುಕೊಂಡದ್ದು 2002ರಲ್ಲಿ. ಅಂದರೆ 18 ವರ್ಷ. ಈ ನಡುವೆ ದೆಹಲಿಯಲ್ಲಿ ಎಷ್ಟೋ ಸರ್ಕಾರಗಳು ಬಂದವು, ಹೋದವು. ಯಾರೂ ಕೆಲಸ ನಿಲ್ಲಿಸಲಿಲ್ಲ. 2023ರ ಜನವರಿಯಲ್ಲಿ, 880 ಕೋಟಿ ವರ್ಷಗಳಷ್ಟು ಹಿಂದೆ ದೂರದ ಗೆಲಾಕ್ಸಿಯೊಂದರ ಹೈಡ್ರೋಜನ್‌ನಿಂದ ಹೊರಟ ಸಂಕೇತವನ್ನು ಇದೇ ದೂರದರ್ಶಕದ ನೆರವಿನಿಂದ ಪತ್ತೆಹಚ್ಚಿದ ಸುದ್ದಿ ಬಂತು. ಆ ಸಂಶೋಧನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲೂ ಇತ್ತು.

ಅದೇ ವರ್ಷದ ಮಾರ್ಚ್‌ನಲ್ಲಿ, ವಿಧಾನಸಭೆ ಚುನಾವಣೆಯ ಹೊಸ್ತಿಲಲ್ಲಿ, ಕರ್ನಾಟಕದಲ್ಲಿ ಬೀದರ್, ಹಾವೇರಿ, ಕೊಡಗು, ಚಾಮರಾಜನಗರ, ಹಾಸನ, ಕೊಪ್ಪಳ, ಬಾಗಲಕೋಟೆ ಎಂಬ ಏಳು ಹೊಸ ವಿಶ್ವವಿದ್ಯಾಲಯಗಳು ಒಟ್ಟಿಗೆ ಉದ್ಘಾಟನೆಯಾದವು. ಬಹುತೇಕ ಕಡೆ ಹಳೆಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಕೇಂದ್ರಗಳೇ ರಾತ್ರಿ ಬೆಳಗಾಗುವುದರೊಳಗೆ ವಿಶ್ವವಿದ್ಯಾಲಯಗಳಾದವು. ಬೀದರ್ ವಿಶ್ವವಿದ್ಯಾಲಯ ಹಾಲಹಳ್ಳಿಯಲ್ಲಿ, ಹಾವೇರಿಯದು ಕೆರಿಮತ್ತಿಹಳ್ಳಿಯಲ್ಲಿ, ಕೊಡಗಿನದು ಚಿಕ್ಕಅಳುವಾರದಲ್ಲಿ. ಹೊಸ ಜಮೀನು, ಹೊಸ ಕಟ್ಟಡ ಬೇಡ, ಇದ್ದದ್ದರಲ್ಲೇ ನಡೆಸುತ್ತೇವೆ ಎಂಬುದು ಆಗಿನ ಸರ್ಕಾರದ ನಿಲುವು. ಸುಮಾರು ಎರಡು ವರ್ಷ ಕಳೆದು 2025ರ ಫೆಬ್ರುವರಿ ಬರುವಷ್ಟರಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಈ ಏಳೂ ಸೇರಿದಂತೆ ಹತ್ತು ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಂದುವರಿಸುವುದು ಬೇಡ ಎಂದಿತು. ಬೀದರ್ ಒಂದು ಉಳಿದದ್ದು ಅದರ ವ್ಯಾಪ್ತಿಯಲ್ಲಿ ಕಾಲೇಜುಗಳು ಹೆಚ್ಚಿವೆ ಎಂಬ ಕಾರಣಕ್ಕೆ.

ಉಪಸಮಿತಿ ಗುರುತಿಸಿದ ರೋಗ ಸುಳ್ಳಲ್ಲ. ಹಣವಿಲ್ಲ, ಹುದ್ದೆಗಳಿಲ್ಲ, ಹಳೆಯ ವಿಶ್ವವಿದ್ಯಾಲಯಗಳೇ ಪಿಂಚಣಿ ಕೊಡಲಾಗದೆ ಒದ್ದಾಡುತ್ತಿವೆ. ಅಲ್ಲಿ ಕೂಡ ಪಾಠ ನಡೆಯುತ್ತಿರುವುದು ಬಹುಪಾಲು ಅತಿಥಿ ಉಪನ್ಯಾಸಕರಿಂದ. ಆದರೆ ಅದು ಹೇಳಿದ ಮದ್ದು ತಪ್ಪು. ಕಾಲೇಜುಗಳ ಲೆಕ್ಕ ನೋಡಿ ವಿಶ್ವವಿದ್ಯಾಲಯದ ಅಳಿವು ಉಳಿವನ್ನು ತೀರ್ಮಾನಿಸುವುದೆಂದರೆ, ಪರೀಕ್ಷೆ ನಡೆಸಿ ಅಂಕಪಟ್ಟಿ ಹಂಚುವುದೇ ಅದರ ಕೆಲಸ ಎಂದು ಒಪ್ಪಿಕೊಂಡಂತೆ. ತೆರೆದ ಸರ್ಕಾರವೂ ಮುಚ್ಚಲು ಹೊರಟ ಸರ್ಕಾರವೂ ಈ ಒಂದು ವಿಷಯದಲ್ಲಿ ಒಂದೇ ರೀತಿ ಯೋಚಿಸಿದವು. ಸಂಶೋಧನೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಎರವಲು ಕಟ್ಟಡದಲ್ಲಿ ಶುರುವಾದದ್ದೇ ಈ ವಿಶ್ವವಿದ್ಯಾಲಯಗಳ ದೋಷ ಎಂದು ಹಲವರು ವಾದಿಸುತ್ತಾರೆ. ಪುಣೆಯ ಅನುಭವ ಅದನ್ನು ಒಪ್ಪುವುದಿಲ್ಲ. ಪದವಿ ವಿದ್ಯಾರ್ಥಿಗಳಿಗೆ ಸಂಶೋಧಕರಿಂದಲೇ ಪಾಠ ಸಿಗಬೇಕು ಎಂಬ ಐದು ವರ್ಷದ ಸಮಗ್ರ ಕೋರ್ಸಿನ ಯೋಚನೆಯನ್ನು ಗೋವಿಂದ ಸ್ವರೂಪ್ ಮತ್ತು ಪುಣೆ ವಿಶ್ವವಿದ್ಯಾಲಯದ ವಿ.ಜಿ. ಭಿಡೆ ದಶಕಗಳ ಹಿಂದೆಯೇ ಮುಂದಿಟ್ಟಿದ್ದರು. ಆ ಜಾಡಿನಲ್ಲೇ 2006ರಲ್ಲಿ ಪುಣೆಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ, ಅಂದರೆ ಐಸರ್ ಹುಟ್ಟಿತು. ಮೊದಲ ತರಗತಿಗಳು ನಡೆದದ್ದು ಪಕ್ಕದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಜಾಗದಲ್ಲಿ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಓದಿದ ರಸಾಯನಶಾಸ್ತ್ರಜ್ಞ ಕೆ.ಎನ್. ಗಣೇಶ್ ಅದರ ಮೊದಲ ನಿರ್ದೇಶಕರಾಗಿ ಒಂದು ದಶಕಕ್ಕೂ ಹೆಚ್ಚು ಕಾಲ ಇದ್ದರು. ಧಾರವಾಡದ ಐಐಟಿಯೂ 2016ರಲ್ಲಿ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯ (ವಾಲ್ಮಿ) ಆವರಣದಲ್ಲೇ ಕಣ್ಣುಬಿಟ್ಟಿತು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯದ ಆಸರೆಯಲ್ಲಿ. ಕಟ್ಟಡ ಎರವಲಾದರೂ ನಡೆದೀತು, ಮೇಷ್ಟ್ರು ಎರವಲಾದರೆ ನಡೆಯದು. ಪುಣೆಯ ಐಸರ್‌ಗೆ ಮೊದಲ ದಿನದಿಂದಲೇ ಕಾಯಂ ಹುದ್ದೆಗಳಿದ್ದವು, ಪ್ರಯೋಗಾಲಯಕ್ಕೆ ದುಡ್ಡಿತ್ತು. ಹಾಲಹಳ್ಳಿಗೆ, ಚಿಕ್ಕಅಳುವಾರಕ್ಕೆ ಸಿಕ್ಕದ್ದು ಹೊಸ ನಾಮಫಲಕ ಮತ್ತು ಒಬ್ಬ ಕುಲಪತಿ.

ಚಿಕ್ಕಅಳುವಾರದ ಸುತ್ತಮುತ್ತ ಏನಿದೆ ನೋಡಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮನೆ, ತೋಟ, ಜೀವಗಳನ್ನು ಹೂತುಹಾಕಿದವು. ಯಾವ ಇಳಿಜಾರಿನಲ್ಲಿ ಎಷ್ಟು ಮಳೆ ಬಿದ್ದರೆ ಮಣ್ಣು ಸಡಿಲಾಗುತ್ತದೆ, ಕಾಫಿ ತೋಟದ ನೆರಳು ಮರ ಕಡಿದರೆ ಏನಾಗುತ್ತದೆ, ಗುಡ್ಡ ಅಗೆದು ರಸ್ತೆ ಮಾಡಿದಾಗ ನೀರು ಎಲ್ಲಿ ಹೊಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ವರ್ಷಗಟ್ಟಲೆ ಅಲ್ಲೇ ಇದ್ದು ಮಳೆಮಾಪಕ ಓದುವವರು ಬೇಕು. ಮಳೆಗಾಲ ಮುಗಿದ ಮೇಲೆ ಬೆಂಗಳೂರಿನಿಂದ ಜೀಪಿನಲ್ಲಿ ಬಂದು ಎರಡು ದಿನ ನೋಡಿ ಹೋಗುವ ಸಮಿತಿಗಳಿಂದ ಅದು ಆಗುವುದಿಲ್ಲ. ಕೊಡಗು ವಿಶ್ವವಿದ್ಯಾಲಯದಲ್ಲಿ ಇಪ್ಪತ್ತು ವಿಭಾಗ ಬೇಡ. ಗುಡ್ಡ, ಮಳೆ, ಕಾಡು, ಕಾವೇರಿ ಇವನ್ನು ಓದುವ ನಾಲ್ಕು ಗಟ್ಟಿ ವಿಭಾಗಗಳಿದ್ದರೆ ಸಾಕು, ದೇಶದ ಬೇರೆಡೆಯಿಂದ ಅಲ್ಲಿಗೆ ಓದಲು ಬರುತ್ತಾರೆ.

ಚಾಮರಾಜನಗರದ ಮಗ್ಗುಲಲ್ಲಿ ಬಿಳಿಗಿರಿರಂಗನ ಬೆಟ್ಟವಿದೆ, ಹುಲಿ ಮೀಸಲು ಕಾಡಿನೊಳಗೆ ಅರಣ್ಯ ಹಕ್ಕು ಪಡೆದ ಸೋಲಿಗರಿದ್ದಾರೆ. ಕೊಪ್ಪಳದಲ್ಲಿ ಹಿರೇಬೆಣಕಲ್ಲಿನ ಶಿಲಾಸಮಾಧಿಗಳಿವೆ, ಅಶೋಕನ ಶಾಸನಗಳಿವೆ. ಬಾಗಲಕೋಟೆಯಲ್ಲಂತೂ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟ ತಲೆಮಾರು ಇನ್ನೂ ಬದುಕಿದೆ. ಊಟಿಯ ಗುಡ್ಡ ಸ್ವರೂಪರ ಕೈಗೆ ಸಿಕ್ಕಂತೆ ಇವೆಲ್ಲ ಯಾರಾದರೂ ಸಂಶೋಧಕರ ಕೈಗೆ ಸಿಗಬೇಕು.

ಸಣ್ಣ ವಿಶ್ವವಿದ್ಯಾಲಯ ಇದನ್ನೆಲ್ಲ ಒಂಟಿಯಾಗಿ ಮಾಡಲಾರದು ಎಂಬ ಆಕ್ಷೇಪಕ್ಕೂ ಪುಣೆಯಲ್ಲೇ ಉತ್ತರವಿದೆ. ಜಯಂತ ನಾರ್ಳೀಕರ್ 1988ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಆವರಣದಲ್ಲಿ ಕಟ್ಟಿದ ‘ಅಯುಕಾ’ ಸಂಸ್ಥೆ ಹುಟ್ಟಿದ್ದೇ ಎಲ್ಲ ವಿಶ್ವವಿದ್ಯಾಲಯಗಳಿಗೆ ಖಗೋಳ ವಿಜ್ಞಾನದ ಸಲಕರಣೆ, ಗ್ರಂಥಾಲಯ, ಮಾರ್ಗದರ್ಶನ ಒಂದೇ ಕಡೆ ಸಿಗಲಿ ಎಂದು. ಜಿಲ್ಲಾ ಕೇಂದ್ರದ ಕಾಲೇಜಿನ ಅಧ್ಯಾಪಕರು ರಜೆಯಲ್ಲಿ ಅಲ್ಲಿಗೆ ಹೋಗಿ, ಇದ್ದು, ಸಂಶೋಧನೆ ಮಾಡಿ ಮರಳಬಹುದು. ಪುಣೆ ಜಿಲ್ಲೆಯ ಗಿರಾವಲಿ ಗುಡ್ಡದ ಮೇಲೆ ಅದರ 2 ಮೀಟರ್ ದೂರದರ್ಶಕವೂ ಇದೆ. ಭೂವಿಜ್ಞಾನಕ್ಕೆ, ಜೀವವಿಜ್ಞಾನಕ್ಕೆ, ಇತಿಹಾಸಕ್ಕೆ ಇಂಥದೊಂದು ಹಂಚಿಕೆಯ ಕೇಂದ್ರವನ್ನು ಧಾರವಾಡದಲ್ಲೋ ಮೈಸೂರಿನಲ್ಲೋ ಕರ್ನಾಟಕ ಕಟ್ಟಿದರೆ ಪ್ರತಿ ಹೊಸ ವಿಶ್ವವಿದ್ಯಾಲಯವೂ ಕೋಟಿಗಟ್ಟಲೆ ಬೆಲೆಯ ಯಂತ್ರ ಕೊಳ್ಳಬೇಕಾಗಿಲ್ಲ.

ಹಣ, ಹುದ್ದೆ, ವಿಷಯ ಇವಿಷ್ಟಾದರೂ ಸಾಲದು. ಹಳ್ಳಿಯವರಿಗೆ ಇದರಿಂದೇನು ಎಂಬ ಪ್ರಶ್ನೆ ಉಳಿಯುತ್ತದೆ. ಅದನ್ನು ಕೇಳುವ ಹಕ್ಕು ಅವರಿಗಿದೆ. ಚಳ್ಳಕೆರೆ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆ ಸಿಕ್ಕಿತು. ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ ಅಲ್ಲೇ ಸಾವಿರಾರು ಎಕರೆ ಹೋಯಿತು. ಅದೆಲ್ಲ ಅಮೃತಮಹಲ್ ಕಾವಲು. ದೊಡ್ಡಉಳ್ಳಾರ್ತಿಯಂಥ ಊರುಗಳ ಕುರಿ, ದನ ತಲೆತಲಾಂತರದಿಂದ ಮೇಯುತ್ತಿದ್ದ ಹುಲ್ಲುಗಾವಲು. ಕುರಿಯ ಉಣ್ಣೆಯಿಂದ ಕಂಬಳಿ ನೇಯ್ದು ಬದುಕಿದ ಮನೆಗಳ ಮುಂದೆ ಒಂದು ದಿನ ಗೋಡೆ ಎದ್ದಿತು. ಜನ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರು. ವಿಜ್ಞಾನ ಸಂಸ್ಥೆಯ ಅದೇ ಕ್ಯಾಂಪಸ್ಸಿನಲ್ಲಿ ಸರ್ಕಾರಿ ಶಾಲಾ ಕಾಲೇಜುಗಳ ಸಾವಿರಾರು ವಿಜ್ಞಾನ ಶಿಕ್ಷಕರು ತರಬೇತಿ ಪಡೆದಿದ್ದಾರೆ. ಅದು ದೊಡ್ಡ ಕೆಲಸ, ಹೊಗಳಲೇಬೇಕಾದ ಕೆಲಸ. ಆದರೂ ಮೇವು ಕಳೆದುಕೊಂಡ ಕುರಿಗಾಹಿಯ ಲೆಕ್ಕ ಅದರಿಂದ ಚುಕ್ತಾ ಆಗುವುದಿಲ್ಲ.

ಖೋಡದ್‌ನವರೂ ಬೆಲೆ ತೆತ್ತಿದ್ದಾರೆ. ರೇಡಿಯೊ ಗದ್ದಲ ಹೆಚ್ಚಬಾರದೆಂದು ಸುತ್ತಲಿನ ಸೀಮೆಯಲ್ಲಿ ಕೈಗಾರಿಕೆಗಳಿಗೆ ನಿರ್ಬಂಧವಿದೆ. ಈಚೆಗೆ ಪುಣೆ–ನಾಸಿಕ್ ಸೆಮಿ ಹೈಸ್ಪೀಡ್ ರೈಲಿನ ಮೂಲ ಮಾರ್ಗವೂ ದೂರದರ್ಶಕಕ್ಕೆ ತೊಂದರೆಯಾಗುತ್ತದೆ ಎಂಬ ಕಾರಣಕ್ಕೆ ಬೇರೆಡೆ ತಿರುಗುವಂತಾಗಿದೆ. ತಮ್ಮೂರಿಗೆ ರೈಲು ಬರುತ್ತದೆಂದು ಕಾದಿದ್ದ ಜುನ್ನರ್, ನಾರಾಯಣಗಾಂವ್ ಕಡೆಯವರಿಗೆ ಸಿಟ್ಟು ಬಂದದ್ದು ಸಹಜ. ದೂರದ ಗೆಲಾಕ್ಸಿಯ ಸದ್ದು ಕೇಳಲು ಇವರ ಊರು ಸುಮ್ಮನಿರಬೇಕು ಎಂದರೆ ಆ ತ್ಯಾಗಕ್ಕೆ ಪ್ರತಿಯಾಗಿ ಒಳ್ಳೆಯ ಶಾಲೆ, ಆಸ್ಪತ್ರೆ, ರಸ್ತೆ, ಬಸ್ಸು ಸರ್ಕಾರದಿಂದ ಸಿಗಲೇಬೇಕು.

ಆದರೂ ಅಲ್ಲಿ ಬಾಗಿಲು ತೆರೆದಿದೆ. ಪ್ರತಿ ವರ್ಷ ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಸುತ್ತಲಿನ ಗ್ರಾಮೀಣ ಶಾಲೆಗಳ ಮಕ್ಕಳು ತಾವೇ ಮಾಡಿದ ಮಾದರಿಗಳನ್ನು ಹೊತ್ತು ಖೋಡದ್‌ಗೆ ಬರುತ್ತಾರೆ, ಜನ ಸಾವಿರಗಟ್ಟಲೆ ಸೇರುತ್ತಾರೆ. ದೊಡ್ಡ ವಿಜ್ಞಾನಿಗಳು ಆ ಮಕ್ಕಳ ಮೇಜಿನ ಮುಂದೆ ನಿಂತು ಪ್ರಶ್ನೆ ಕೇಳುತ್ತಾರೆ, ಮರಾಠಿಯಲ್ಲೇ ಉತ್ತರ ಕೇಳಿಸಿಕೊಳ್ಳುತ್ತಾರೆ. ಹಾಲಹಳ್ಳಿಯಲ್ಲಿ, ಕೆರಿಮತ್ತಿಹಳ್ಳಿಯಲ್ಲಿ ಕನ್ನಡದಲ್ಲಿ ಇಂಥದೊಂದು ದಿನ ನಡೆಸಲು ಸಂಪುಟದ ಒಪ್ಪಿಗೆಯೇನೂ ಬೇಕಿಲ್ಲ.

ಪುಣೆ ಮತ್ತು ಧಾರವಾಡದ ವಿಶ್ವವಿದ್ಯಾಲಯಗಳು ಓರಗೆಯವು. ಎರಡನ್ನೂ 1949ರಲ್ಲಿ ಹುಟ್ಟುಹಾಕಿದ್ದು ಅಂದಿನ ಮುಂಬೈ ಪ್ರಾಂತ್ಯ. ಧಾರವಾಡಕ್ಕೆ 1954ರಿಂದ 1967ರವರೆಗೆ ಡಿ.ಸಿ. ಪಾವಟೆ ಒಬ್ಬರೇ ಕುಲಪತಿಯಾಗಿದ್ದರು. ಒಬ್ಬರಿಗೆ 13 ವರ್ಷ ಸಿಕ್ಕಿದ್ದರಿಂದ ಆ ಗುಡ್ಡದ ಮೇಲೆ ಒಂದು ಪರಂಪರೆ ಬೆಳೆಯಿತು. ಈಗ ಹೊಸ ವಿಶ್ವವಿದ್ಯಾಲಯಗಳಿಗೆ ಎರಡು ವರ್ಷದ ವಾಯಿದೆ ಕೊಟ್ಟು, ಫಲ ಬರಲಿಲ್ಲ ಎಂದು ತೀರ್ಪು ಕೊಡಲಾಗುತ್ತಿದೆ. ಇತ್ತ ಬೀದರ್, ಕಲಬುರಗಿ, ವಿಜಯಪುರದ ಮಕ್ಕಳು ಒಳ್ಳೆಯ ಓದಿಗೆಂದು ಪುಣೆಯ ಬಸ್ಸು, ರೈಲು ಹತ್ತುತ್ತಲೇ ಇದ್ದಾರೆ. ಅನುಕೂಲವಿದ್ದವರ ಮಕ್ಕಳಿಗೆ ಅದು ಸಾಧ್ಯ. ತೊಗರಿ ಹೊಲದಲ್ಲಿ ಕೂಲಿ ಮಾಡುವವರ ಮಗಳಿಗೆ ಹಾಲಹಳ್ಳಿಯೇ ಪುಣೆಯಾಗಬೇಕು.

ಉಪಸಮಿತಿ ಉಳಿಸಲು ಒಪ್ಪಿದ ಬೀದರ್‌ನ ಆ ಒಂದು ವಿಶ್ವವಿದ್ಯಾಲಯದಿಂದಲೇ ಕೆಲಸ ಆರಂಭಿಸಬಹುದು. ಬೀದರ್‌ನ ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್ ಇದೆ. ಜಂಬಿಟ್ಟಿಗೆಯ ಕಲ್ಲು ಕೊರೆದು ಮಾಡಿದ ಸುರಂಗ, ಅದರ ಉದ್ದಕ್ಕೂ ಬೆಳಕು ಗಾಳಿಗೆ ಬಾವಿಗಳಂಥ ಕಂಡಿಗಳು, ತಳದಲ್ಲಿ ಜಿನುಗಿ ಹರಿಯುವ ಅಂತರ್ಜಲ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಜಿಲ್ಲೆಯಲ್ಲಿ ಆರು ಶತಮಾನದ ಹಿಂದೆ ನೀರನ್ನು ಹೀಗೆ ಹಿಡಿದವರ ಜಾಣ್ಮೆಯನ್ನು ಅಳೆಯಲು, ಬಿಡಿಸಿ ಹೇಳಲು, ಇಂದಿನ ಊರುಗಳಿಗೆ ಹೊಂದಿಸಲು ಭೂವಿಜ್ಞಾನಿಗಳು, ಎಂಜಿನಿಯರುಗಳು, ಪಾರ್ಸಿ ಓದಬಲ್ಲ ಇತಿಹಾಸಕಾರರು ಒಂದೇ ಸೂರಿನಡಿ ಬೇಕು. ಮುಂದಿನ ಬಜೆಟ್‌ನಲ್ಲಿ ಹಾಲಹಳ್ಳಿಗೆ ಇಂಥ ಹತ್ತು ಕಾಯಂ ಹುದ್ದೆ ಮಂಜೂರು ಮಾಡಿ, ಹದಿನೈದು ವರ್ಷ ಅನುದಾನ ನಿಲ್ಲಿಸುವುದಿಲ್ಲ ಎಂದು ಸದನದಲ್ಲಿ ಮಾತು ಕೊಡುವುದು ರಾಜ್ಯ ಸರ್ಕಾರದ ಕೈಯಲ್ಲೇ ಇದೆ.