ಸಾಕ್ಷಿ ಹೇಳಿದ ದಿನದ ಕೂಲಿ

ಬೀದರ್–ಔರಾದ್ ರಸ್ತೆಯಲ್ಲಿ, ಸಂತಪುರ ಠಾಣೆಯ ಹದ್ದಿನೊಳಗೆ ಒಂದು ಅಪಘಾತವಾಯಿತು ಎಂದಿಟ್ಟುಕೊಳ್ಳಿ. ಲಾರಿ ಬಂದು ಬೈಕಿಗೆ ಬಡಿದದ್ದನ್ನು ಇಬ್ಬರು ಕಣ್ಣಾರೆ ಕಂಡಿದ್ದಾರೆ. ಒಬ್ಬರು ಸರ್ಕಾರಿ ಪ್ರೌಢಶಾಲೆಯ ಮಾಸ್ತರರು, ಇನ್ನೊಬ್ಬ ಹೆಸರು ಬಿಡಿಸಲು ಹೊಲಕ್ಕೆ ಹೊರಟಿದ್ದ ಕೂಲಿಯಾಳು. ಪೊಲೀಸರು ಇಬ್ಬರ ಹೇಳಿಕೆಯನ್ನೂ ಬರೆದುಕೊಂಡರು. ಎರಡು ವರ್ಷ ಕಳೆದ ಮೇಲೆ ಇಬ್ಬರ ಮನೆಗೂ ಔರಾದ್ ಕೋರ್ಟಿನಿಂದ ಸಮನ್ಸು ಬಂತು. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು, ಕೋರ್ಟಿನ ಜಗುಲಿಯಲ್ಲಿ ಅಕ್ಕಪಕ್ಕ ಕುಳಿತರು. ಸಂಜೆ ನಾಲ್ಕಕ್ಕೆ ಪುಕಾರು ಬಂತು. ಆರೋಪಿ ಪರ ವಕೀಲರು ಬಂದಿಲ್ಲ, ಮುಂದಿನ ತಾರೀಖು ಎಂದಾಯಿತು.

ಮಾಸ್ತರರಿಗೆ ಆ ದಿನ ಹೋದದ್ದು ಹೆಚ್ಚೆಂದರೆ ಒಂದು ಸಾಂದರ್ಭಿಕ ರಜೆ. ತಿಂಗಳ ಕೊನೆಯಲ್ಲಿ ಸಂಬಳ ಪೂರ್ತಿ ಬರುತ್ತದೆ. ಕೂಲಿಯವನಿಗೆ ಹೋದದ್ದು ಒಂದು ದಿನದ ಕೂಲಿ, ಬಸ್ಸಿನ ಚಾರ್ಜು, ಮಧ್ಯಾಹ್ನದ ಊಟ. ಅದೂ ಹೆಸರು, ಉದ್ದಿನ ರಾಶಿಯ ಕಾಲ. ವರ್ಷದಲ್ಲಿ ಕೈತುಂಬ ಕೆಲಸ ಸಿಗುವುದೇ ಆ ಕೆಲವು ವಾರ.

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಎಲ್ಲರಿಗೂ ಗೊತ್ತು. ಆ ಗಾದೆಯಲ್ಲಿ ಸಾಕ್ಷಿದಾರನಿಗೆ ಜಾಗವಿಲ್ಲ. ಅವನು ಗೆಲ್ಲುವವನೂ ಅಲ್ಲ, ಸೋಲುವವನೂ ಅಲ್ಲ. ಬರೀ ದಿನ ಕಳೆದುಕೊಳ್ಳುವವನು. ಈ ಕಳೆದ ದಿನದ ಹಣ ಯಾರು ಕೊಡಬೇಕು?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದ ಪಾಲಕರು ಅಲ್ಲಿನ ಜ್ಯೂರಿ ಕರೆಯ ಬಗ್ಗೆ ಹೇಳುವುದುಂಟು. ಸಾಮಾನ್ಯ ನಾಗರಿಕರು ಕೋರ್ಟಿನಲ್ಲಿ ಕುಳಿತು ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವ ಪದ್ಧತಿ ಅದು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಜ್ಯೂರಿ ಕೆಲಸದ ಮೊದಲ ಮೂರು ದಿನದ ಸಂಬಳವನ್ನು ಮಾಲೀಕನೇ ಕೊಡಬೇಕು. ಆನಂತರದ ದಿನಗಳಿಗೆ ಸರ್ಕಾರ ದಿನಭತ್ಯೆ ಕೊಡುತ್ತದೆ. ನಮ್ಮಲ್ಲಿಯೂ ಬ್ರಿಟಿಷರ ಕಾಲದಿಂದ ಕೆಲವು ಕಡೆ ಜ್ಯೂರಿ ಇತ್ತು. 1959ರ ನಾನಾವತಿ ಪ್ರಕರಣದಲ್ಲಿ ಮುಂಬೈ ಜ್ಯೂರಿಯ ತೀರ್ಮಾನ ದೇಶದಲ್ಲೆಲ್ಲ ಚರ್ಚೆಯಾಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಜ್ಯೂರಿಯನ್ನು ಪೂರ್ತಿ ಕೈಬಿಟ್ಟಿತು. ಹಾಗಾಗಿ ನಮ್ಮ ಜನ ಕೋರ್ಟಿನ ಕರೆಗೆ ಕೆಲಸ ಬಿಟ್ಟು ಹೋಗುವುದು ಹೆಚ್ಚಾಗಿ ಸಾಕ್ಷಿ ಹೇಳಲು. ಜ್ಯೂರಿ ಹೋಗಿ ಅರ್ಧ ಶತಮಾನವಾದರೂ ಸಾಕ್ಷಿಯ ಸಂಬಳದ ಪ್ರಶ್ನೆ ಇದ್ದಲ್ಲೇ ಇದೆ.

ಕಾನೂನಿನ ಭಾಷೆಯನ್ನು ಸ್ವಲ್ಪ ಗಮನಿಸಿದರೆ ಕಾರಣ ತಿಳಿಯುತ್ತದೆ. ಸಮನ್ಸಿನಲ್ಲಿರುವುದು ‘ಹಾಜರಾಗತಕ್ಕದ್ದು’ ಎಂಬ ಮಾತು. ಬಾರದಿದ್ದರೆ ದಂಡ ಬೀಳಬಹುದು, ವಾರಂಟೂ ಹೊರಡಬಹುದು. ಆದರೆ ಸಾಕ್ಷಿಯ ಖರ್ಚಿನ ಮಾತು ಬಂದಾಗ ಕ್ರಿಯಾಪದ ಬದಲಾಗುತ್ತದೆ. ಸಾಕ್ಷಿಗೆ ತಗಲಿದ ಯೋಗ್ಯ ವೆಚ್ಚವನ್ನು ಸರ್ಕಾರದ ಕಡೆಯಿಂದ ಕೊಡುವಂತೆ ಕ್ರಿಮಿನಲ್ ಕೋರ್ಟು, ತನಗೆ ಸರಿ ಕಂಡರೆ, ಆದೇಶಿಸ‘ಬಹುದು’. ಹಳೆಯ ಸಂಹಿತೆಯ 312ನೆಯ ಕಲಮು ಹೇಳುತ್ತಿದ್ದುದು ಇದನ್ನೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 350ನೆಯ ಕಲಮು ಹೇಳುವುದೂ ಇದನ್ನೇ. ಬರುವುದು ಕಡ್ಡಾಯ, ಕೊಡುವುದು ಐಚ್ಛಿಕ. ಹೀಗೆ ಕೊಡುವ ಹಣಕ್ಕೆ ಕೋರ್ಟಿನ ಮಾತಿನಲ್ಲಿ ‘ಬತ್ತೆ’ ಅಥವಾ ‘ಬ್ಯಾಟಾ’ ಎಂದು ಹೆಸರು. ಬತ್ತೆ ಎಂದರೆ ಹೋಗಿ ಬರುವ ಖರ್ಚು, ಊಟದ ಖರ್ಚು. ತಪ್ಪಿದ ಕೂಲಿಯನ್ನು ಪೂರ್ತಿ ತುಂಬಿಕೊಡುವ ಹಣ ಅದಲ್ಲ.

ಸಿವಿಲ್ ದಾವೆಗಳಲ್ಲಿ ವ್ಯವಸ್ಥೆ ಸ್ವಲ್ಪ ಗಟ್ಟಿ. ಹೊಲದ ತಂಟೆಯೋ ಮನೆ ಪಾಲಿನ ತಂಟೆಯೋ ಇದ್ದು, ಯಾರನ್ನಾದರೂ ಕೋರ್ಟಿನ ಮೂಲಕ ಸಾಕ್ಷಿಗೆ ಕರೆಸಬೇಕಾದರೆ, ಕರೆಸುವ ಪಕ್ಷಗಾರನೇ ಸಾಕ್ಷಿಯ ಪ್ರಯಾಣದ ಖರ್ಚನ್ನೂ ಒಂದು ದಿನ ಹಾಜರಿರುವ ಖರ್ಚನ್ನೂ ಮುಂಚಿತವಾಗಿ ಕೋರ್ಟಿಗೆ ಕಟ್ಟಬೇಕು. ಸಮನ್ಸನ್ನು ಖುದ್ದಾಗಿ ಜಾರಿ ಮಾಡುವಾಗಲೇ ಆ ಹಣವನ್ನು ಸಾಕ್ಷಿಯ ಕೈಗೆ ನೀಡಬೇಕು. ಒಂದು ದಿನಕ್ಕೆ ಮುಗಿಯದೆ ಮತ್ತೆ ನಿಲ್ಲಿಸಿಕೊಂಡರೆ ಇನ್ನಷ್ಟು ಹಣ ಕಟ್ಟಿಸುವ ಅಧಿಕಾರ ಕೋರ್ಟಿಗಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೆಯ ಆದೇಶದಲ್ಲಿ ಇವೆಲ್ಲ ಸ್ಪಷ್ಟವಾಗಿವೆ. ಸಮನ್ಸಿಗೆ ಸಹಿ ಹಾಕುವಾಗ ‘ಬತ್ತೆ ಎಲ್ಲಿ?’ ಎಂದು ಕೇಳಿದರೆ ತಪ್ಪಿಲ್ಲ. ಹಳ್ಳಿಯಲ್ಲಿ ಹೀಗೆ ಕೇಳುವವರು ಕಡಿಮೆ ಎಂಬುದು ಬೇರೆ ಮಾತು.

ಇನ್ನು ಉದ್ಯೋಗದಾತರ ಕಡೆ ನೋಡೋಣ. ಪೊಲೀಸರು, ಸರ್ಕಾರಿ ವೈದ್ಯರು, ಶಾಲೆಯ ದಾಖಲಾತಿ ರಿಜಿಸ್ಟರು ಹಿಡಿದು ಮಗುವಿನ ವಯಸ್ಸಿನ ಬಗ್ಗೆ ಸಾಕ್ಷಿ ಹೇಳಲು ಬರುವ ಮುಖ್ಯೋಪಾಧ್ಯಾಯರು, ಇವರೆಲ್ಲ ಕೆಲಸದ ಮೇಲೆಯೇ ಬಂದವರು. ಅವರ ಸಂಬಳಕ್ಕೆ ಧಕ್ಕೆಯಿಲ್ಲ. ಸ್ವಂತ ಹಿತಾಸಕ್ತಿಯಿಲ್ಲದ ಪ್ರಕರಣದಲ್ಲಿ ಸಾಕ್ಷಿಗೆ ಹೋಗುವ ನೌಕರರಿಗೆ ಕೆಲವು ರಾಜ್ಯಗಳ ನಿಯಮಗಳು ವಿಶೇಷ ಸಾಂದರ್ಭಿಕ ರಜೆಯನ್ನೂ ಕೊಡುತ್ತವೆ. ಖಾಸಗಿ ಕೆಲಸದವರಿಗೆ ಈ ಭಾಗ್ಯವಿಲ್ಲ. 1948ರ ಕಾರ್ಖಾನೆ ಕಾಯ್ದೆ ಕಾರ್ಮಿಕರಿಗೆ ಗಳಿಕೆ ರಜೆ ತಂದುಕೊಟ್ಟಿತು, ಆದರೆ ‘ಸಾಕ್ಷಿ ರಜೆ’ ಎಂಬುದು ಅದರಲ್ಲಿ ಇರಲಿಲ್ಲ. ಮಾಲೀಕ ಒಳ್ಳೆಯವನಾದರೆ ಸಂಬಳ ಉಳಿಯುತ್ತದೆ, ಇಲ್ಲವಾದರೆ ಇಲ್ಲ.

ಹೀಗಿರಲೇಬೇಕೆಂದೇನೂ ಇಲ್ಲ. ಮತದಾನದ ದಿನವನ್ನೇ ನೋಡಿ. ಪ್ರಜಾಪ್ರತಿನಿಧಿ ಕಾಯ್ದೆಗೆ 1996ರಲ್ಲಿ ಸೇರಿಸಿದ 135–ಬಿ ಕಲಮಿನ ಪ್ರಕಾರ, ಯಾವುದೇ ವ್ಯಾಪಾರ, ಕೈಗಾರಿಕೆ, ಸಂಸ್ಥೆಯಲ್ಲಿ ಕೆಲಸ ಮಾಡುವ ಮತದಾರನಿಗೆ ಅಂದು ರಜೆ ಕೊಡಬೇಕು, ಕೂಲಿ ಕಡಿಯಬಾರದು. ಕೆಲಸ ಮಾಡದ ದಿನಕ್ಕೆ ಸಾಮಾನ್ಯವಾಗಿ ಕೂಲಿ ಸಿಗದಂಥವನಿಗೂ ಅಂದಿನ ಕೂಲಿ ಸಿಗಬೇಕು. ತಪ್ಪಿದ ಮಾಲೀಕನಿಗೆ 500 ರೂಪಾಯಿವರೆಗೆ ದಂಡವುಂಟು. ಮತ ಹಾಕುವುದು ನಾಗರಿಕನ ಇಷ್ಟಕ್ಕೆ ಬಿಟ್ಟದ್ದು. ಸಾಕ್ಷಿ ಹೇಳುವುದು ಇಷ್ಟಕ್ಕೆ ಬಿಟ್ಟದ್ದಲ್ಲ. ಇಷ್ಟದ ಕೆಲಸಕ್ಕೆ ಕೂಲಿ ಉಳಿಸಿಕೊಟ್ಟ ಕಾನೂನು ಕಡ್ಡಾಯದ ಕೆಲಸಕ್ಕೆ ಉಳಿಸಿಕೊಟ್ಟಿಲ್ಲ. ಇದು ಸಂಸತ್ತು ಒಂದು ಚಿಕ್ಕ ತಿದ್ದುಪಡಿಯಿಂದ ಸರಿಪಡಿಸಬಹುದಾದ ಲೋಪ.

ನ್ಯಾಯಾಲಯಗಳಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. 2000ದಲ್ಲಿ ಸ್ವರ್ಣ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿಗಳ ಪಾಡನ್ನು ವಿವರವಾಗಿ ಬರೆದಿದೆ. ಸ್ವಂತ ಖರ್ಚಿನಲ್ಲಿ ದೂರದಿಂದ ಬಂದವನಿಗೆ ಕೂರಲು ಜಾಗವಿಲ್ಲ, ಕುಡಿಯಲು ನೀರಿಲ್ಲ, ತಾರೀಖಿನ ಮೇಲೆ ತಾರೀಖು. ಸಾಕ್ಷಿ ಹೇಳಿದ ದಿನ ಮಾತ್ರವಲ್ಲ, ಮುಂದೂಡಿದ ಪ್ರತಿಯೊಂದು ದಿನಕ್ಕೂ ಬತ್ತೆಯನ್ನು ತಕ್ಷಣ ಕೊಡಬೇಕು, ಕೆಳಗಿನ ಸಿಬ್ಬಂದಿ ಸತಾಯಿಸದಂತೆ ನೋಡಿಕೊಳ್ಳಬೇಕು ಎಂದೂ ಅಲ್ಲಿ ಹೇಳಿದೆ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ. ಎಸ್. ಮಳೀಮಠರ ಸಮಿತಿ 2003ರ ತನ್ನ ವರದಿಯಲ್ಲಿ, ಸಾಕ್ಷಿಯನ್ನು ಅತಿಥಿಯಂತೆ ಕಾಣಬೇಕು, ಭತ್ಯೆಯ ದರವನ್ನು ಉದಾರವಾಗಿ ನಿಗದಿ ಮಾಡಬೇಕು ಎಂದಿತು. ಸಾಕ್ಷಿ ಬೇಸತ್ತು ಬರುವುದನ್ನೇ ಬಿಟ್ಟರೆ, ಇಲ್ಲವೇ ಬೇಗ ಮುಗಿದರೆ ಸಾಕೆಂದು ‘ನನಗೇನೂ ಗೊತ್ತಿಲ್ಲ’ ಎಂದುಬಿಟ್ಟರೆ, ಬಿದ್ದುಹೋಗುವುದು ಬೈಕಿನಲ್ಲಿ ಸತ್ತವನ ಮನೆಯವರ ನ್ಯಾಯ.

ಮುಂದೂಡುವುದರ ಬಗ್ಗೆಯೂ ಸಂಹಿತೆ ಸುಮ್ಮನಿಲ್ಲ. ಸಾಕ್ಷಿಗಳು ಹಾಜರಿರುವಾಗ ಅವರನ್ನು ವಿಚಾರಿಸದೆ ಪ್ರಕರಣ ಮುಂದೂಡಬಾರದು. ಮುಂದೂಡಲೇಬೇಕಾದರೆ ವಿಶೇಷ ಕಾರಣವನ್ನು ಬರೆದಿಡಬೇಕು. ವಕೀಲರಿಗೆ ಬೇರೆ ಕೋರ್ಟಿನಲ್ಲಿ ಕೆಲಸವಿದೆ ಎಂಬುದು ಕಾರಣವಾಗುವುದಿಲ್ಲ. ತಾರೀಖು ಕೇಳಿದವರಿಂದ ಖರ್ಚು ಕೊಡಿಸುವುದಕ್ಕೂ ಅವಕಾಶವಿದೆ. ಮೇಲೆ ಹೇಳಿದ ಕೂಲಿಯವನ ಆ ಸಂಜೆ ಈ ನಿಯಮಕ್ಕೆ ಎಷ್ಟು ದೂರವಿದೆ ಎಂಬುದನ್ನು ಓದುಗರೇ ನೋಡಬಹುದು.

ಅಪಘಾತದಲ್ಲಿ ನೆರವಿಗೆ ಬಂದವರ ವಿಷಯದಲ್ಲಿ ಮಾತ್ರ ಕರ್ನಾಟಕ ಒಂದು ಹೆಜ್ಜೆ ಮುಂದಿಟ್ಟಿದೆ. ಗಾಯಾಳುವಿಗೆ ಸಹಾಯ ಮಾಡಿದವರ ರಕ್ಷಣೆಗೆಂದು ರಾಜ್ಯ ವಿಧಾನಮಂಡಲ ರೂಪಿಸಿದ 2016ರ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. ಠಾಣೆಗೂ ಕೋರ್ಟಿಗೂ ಓಡಾಡಲೇಬೇಕಾದರೆ ಆ ಖರ್ಚನ್ನು ಒಂದು ನಿಧಿಯಿಂದ ಭರಿಸುವ ಆಲೋಚನೆ ಅದರೊಂದಿಗೆ ಬಂತು. ರಸ್ತೆ ಬದಿಯಲ್ಲಿ ಬಿದ್ದವನನ್ನು ಕಂಡು ‘ಸಾಕ್ಷಿ ತಂಟೆ ಬೇಡ, ನಡಿ’ ಎಂದು ಮಕ್ಕಳ ಕೈ ಹಿಡಿದು ಎಳೆಯುವ ಪಾಲಕರು ಇದನ್ನು ತಿಳಿದಿರಬೇಕು.

ಕಾನೂನು ಬದಲಾಗುವವರೆಗೆ ಕೈಯಲ್ಲಿರುವುದನ್ನು ಬಿಡಬಾರದು. ಸಮನ್ಸು ಬಂದ ದಿನವೇ ಅದರ ಪ್ರತಿಯನ್ನು ಮಾಲೀಕನಿಗೋ ಮುಕಾದಮನಿಗೋ ತೋರಿಸಿ, ಒಂದು ನಕಲು ಕೊಡಬೇಕು. ಕೋರ್ಟಿಗೆ ಹೋದೊಡನೆ ಸರ್ಕಾರಿ ವಕೀಲರನ್ನು ಕಂಡು ತಾನು ಬಂದಿರುವುದನ್ನು ತಿಳಿಸಬೇಕು. ಸಾಕ್ಷಿ ಹೇಳಿದ ಮೇಲೆ ಅಥವಾ ಮುಂದಿನ ತಾರೀಖು ಕೊಟ್ಟ ಮೇಲೆ ಸುಮ್ಮನೆ ಬಸ್‌ಸ್ಟ್ಯಾಂಡಿಗೆ ಹೊರಡದೆ, ಬತ್ತೆ ಬೇಕೆಂದು ನ್ಯಾಯಾಧೀಶರಿಗೇ ವಿನಯದಿಂದ ಕೇಳಬೇಕು. ಬಸ್ ಟಿಕೆಟು ಜೇಬಿನಲ್ಲಿರಲಿ. ಇಂಥ ದಿನ ಕೋರ್ಟಿನಲ್ಲಿ ಹಾಜರಿದ್ದರು ಎಂಬ ಪ್ರಮಾಣಪತ್ರವನ್ನೂ ಕೇಳಿ ಪಡೆಯಬೇಕು. ಸಂಬಳ ಕಡಿಯಲು ಹೊರಟ ಮಾಲೀಕನ ಮುಂದೆಯೂ, ಹಾಜರಿ ಕಡಿಮೆಯಾಯಿತು ಎನ್ನುವ ಕಾಲೇಜಿನ ಮುಂದೆಯೂ ಹಿಡಿಯಲು ಅದೊಂದೇ ಕಾಗದ.

ವಿದ್ಯಾರ್ಥಿಯೇ ಸಾಕ್ಷಿಯಾಗಿದ್ದು, ಪರೀಕ್ಷೆಯ ದಿನವೇ ತಾರೀಖು ಬಿದ್ದರೆ ಗಾಬರಿಯಾಗಿ ಮನೆಯಲ್ಲಿ ಉಳಿಯುವುದು ತಪ್ಪು. ಪರೀಕ್ಷಾ ವೇಳಾಪಟ್ಟಿಯನ್ನು ಜೊತೆಗಿಟ್ಟು, ಬೇರೆ ದಿನ ಕೊಡಬೇಕೆಂದು ಸರ್ಕಾರಿ ವಕೀಲರ ಮೂಲಕ ಮೊದಲೇ ಅರ್ಜಿ ಸಲ್ಲಿಸಬೇಕು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ ಪ್ರಕರಣವಾದರೆ, ಮಗುವನ್ನು ಮತ್ತೆ ಮತ್ತೆ ಕೋರ್ಟಿಗೆ ಕರೆಸದಂತೆ ನೋಡಿಕೊಳ್ಳುವುದು ವಿಶೇಷ ನ್ಯಾಯಾಲಯದ ಹೊಣೆ. ಜೊತೆಗೆ ಬರುವ ತಾಯಿತಂದೆಗೂ ಅದರಿಂದ ದಿನಗಳು ಉಳಿಯುತ್ತವೆ.

ಔರಾದ್, ಭಾಲ್ಕಿ ಕಡೆಯ ಹುಡುಗರು ದುಡಿಯಲು ಹೈದರಾಬಾದಿಗೋ ಪುಣೆಗೋ ಹೋಗುವುದು ಹೊಸದಲ್ಲ. ಅಂಥವನಿಗೆ ಬೀದರ್ ಸೆಷನ್ಸ್ ಕೋರ್ಟಿನ ಒಂದು ಸಮನ್ಸೆಂದರೆ ಎರಡು ದಿನದ ಕೂಲಿ ಹೋದಂತೆ. ಹೊಸ ಸಂಹಿತೆಯಲ್ಲಿ ಸರ್ಕಾರ ಗೊತ್ತುಪಡಿಸಿದ ಸ್ಥಳದಿಂದ ವಿಡಿಯೊ ಮೂಲಕ ಸಾಕ್ಷಿ ಹೇಳಲು ಅವಕಾಶವಿದೆ. ಅನುಮತಿ ಕೊಡುವುದು ಕೋರ್ಟಿಗೆ ಬಿಟ್ಟದ್ದು, ಆದ್ದರಿಂದ ಕೋರಿಕೆ ತಾರೀಖಿಗೆ ಸಾಕಷ್ಟು ಮೊದಲೇ ತಲುಪಬೇಕು.