ಪೊಟ್ಟಣದ ಋಣ

ನಮ್ಮ ಬೀದಿಯ ಕೊನೆಯ ಗೂಡಂಗಡಿಯಲ್ಲಿ ಶಾಂಪೂ ಪೊಟ್ಟಣಗಳ ಸರ ತೋರಣದಂತೆ ತೂಗಾಡುತ್ತಿರುತ್ತದೆ. ಅದೇ ಬೀದಿಗೆ ಬೆಳಗಿನ ಹೊತ್ತು ಚಿಂದಿ ಆಯುವ ಹೆಣ್ಣುಮಗಳೊಬ್ಬಳು ಬರುತ್ತಾಳೆ. ಹಾಲಿನ ಕವರು ಕೆಸರಿನಲ್ಲಿ ಬಿದ್ದಿದ್ದರೂ ಎತ್ತಿ ಒದರಿ ಚೀಲಕ್ಕೆ ಹಾಕಿಕೊಳ್ಳುವ ಅವಳು, ಕಾಲ ಬಳಿಯೇ ಬಿದ್ದ ಶಾಂಪೂ ಪೊಟ್ಟಣವನ್ನು ಮುಟ್ಟುವುದಿಲ್ಲ. ಕಾರಣ ಕೇಳಿದೆ. “ಅದನ್ನ ಗುಜರಿಯವರು ತಗೊಳ್ಳಲ್ಲ ಸ್ವಾಮಿ” ಎಂದಳು.

ಹಾಲಿನ ಕವರು ಪಾಲಿಥೀನ್ ಎಂಬ ಒಂದೇ ವಸ್ತುವಿನದು; ಕರಗಿಸಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಬಹುಪದರದ ಪೊಟ್ಟಣವಾದರೋ ಪಾಲಿಯೆಸ್ಟರ್, ಅಲ್ಯೂಮಿನಿಯಂ, ಪಾಲಿಥೀನ್ ಮೊದಲಾದವುಗಳ ತೆಳುಹಾಳೆಗಳನ್ನು ಬೆಸೆದು ಮಾಡಿದ್ದು. ಒಂದು ಪದರ ಅಚ್ಚನ್ನು ಹೊರುತ್ತದೆ, ಇನ್ನೊಂದು ಗಾಳಿ ಬೆಳಕುಗಳನ್ನು ತಡೆಯುತ್ತದೆ, ಮತ್ತೊಂದು ಬಿಸಿಗೆ ಅಂಟಿಕೊಂಡು ಬಾಯಿ ಮುಚ್ಚುತ್ತದೆ. ಜಾಣ್ಮೆಯ ಕೆಲಸವೇ ಸರಿ. ದಿನಗೂಲಿಯವನ ಮನೆಗೂ ಒಂದು ರೂಪಾಯಿಗೆ ಶಾಂಪೂ ತಲುಪಿದ್ದು ಇಂಥ ಪೊಟ್ಟಣದಿಂದಲೇ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಬೆಸೆದವರು ಬಿಡಿಸುವ ಬಗೆಯನ್ನು ಯೋಚಿಸಲಿಲ್ಲ.

ಮರುಬಳಕೆಯಾಗದ ಬಹುಪದರದ ಪ್ಲಾಸ್ಟಿಕ್ಕನ್ನು ಎರಡು ವರ್ಷಗಳೊಳಗೆ ಕೈಬಿಡಬೇಕೆಂದು ಕೇಂದ್ರ ಸರ್ಕಾರದ 2016ರ ನಿಯಮಗಳು ವಿಧಿಸಿದವು. ಗಡುವು ಸಮೀಪಿಸಿದ 2018ರಲ್ಲಿ ಆ ವಾಕ್ಯಕ್ಕೇ ತಿದ್ದುಪಡಿ ಬಂದಿತು. ‘ಮರುಬಳಕೆಯಾಗದ’ ಎಂಬ ಮಾತಿನ ಮಗ್ಗುಲಲ್ಲಿ ‘ಶಕ್ತಿಯನ್ನು ಪಡೆಯಲಾಗದ’, ‘ಬೇರೆ ಉಪಯೋಗವಿಲ್ಲದ’ ಎಂಬ ಮಾತುಗಳು ಬಂದು ಕುಳಿತವು. ಸಿಮೆಂಟಿನ ಗೂಡಿಗೆ ಹಾಕಿದರೆ ಯಾವ ಪ್ಲಾಸ್ಟಿಕ್ ತಾನೇ ಶಾಖ ಕೊಡದು? ನಿಷೇಧವು ಕಾಗದದ ಮೇಲೆ ಉಳಿಯಿತು. ನಿಷೇಧಿಸಬೇಕಾದ ವಸ್ತು ಮಾತ್ರ ಅದರ ಕೈಯಿಂದ ಜಾರಿತು. ಪಂಡಿತರಿಗೂ ಹೊಳೆಯದಿದ್ದ ವ್ಯಾಕರಣವಿದು!

ಉದ್ಯಮಕ್ಕೆ ಹೊಸದನ್ನು ಕಂಡುಹಿಡಿಯುವ ಶಕ್ತಿಯಿಲ್ಲವೆಂದು ನಾನು ಹೇಳಲಾರೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ಕಿನ ಹೀರುಕೊಳವೆ ನಿಷಿದ್ಧವಾದಾಗ, ಕಾಲಾವಕಾಶ ಬೇಕೆಂದು ಅಂಗಲಾಚಿದ ಹಣ್ಣಿನ ರಸದ ತಯಾರಕರೇ ಕಾಗದದ ಕೊಳವೆಗೆ ಬಂದರು. ಅಲ್ಯೂಮಿನಿಯಂ ಪದರವನ್ನು ತೆಗೆದು ಒಂದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಮಾಡಿದ ಟೂತ್‌ಪೇಸ್ಟಿನ ಕೊಳವೆಯನ್ನು ಕೋಲ್ಗೇಟ್ ಕಂಪನಿ 2019ರಲ್ಲಿ ಜಗತ್ತಿಗೆ ತೋರಿಸಿತು. ನಿಷೇಧದ ಆ ಪಟ್ಟಿಯಲ್ಲಿ ಶಾಂಪೂ ಪೊಟ್ಟಣದ ಹೆಸರಿರಲಿಲ್ಲ. ಅವಸರ ಯಾರಿಗೂ ಹುಟ್ಟಲಿಲ್ಲ.

ಅದೇ 2022ರ ಫೆಬ್ರವರಿಯ ನಿಯಮಗಳು ಉತ್ಪಾದಕರ ಹೊಣೆಯನ್ನು ಅಂಕಿಗಳಲ್ಲಿ ಗೊತ್ತುಮಾಡಿವೆ: ಬಹುಪದರದ ಪೊಟ್ಟಣಗಳಲ್ಲಿ 2024–25ಕ್ಕೆ ನೂರಕ್ಕೆ 30, 2027–28ಕ್ಕೆ ನೂರಕ್ಕೆ 60 ಭಾಗ ಮರುಬಳಕೆಯಾಗಬೇಕು. ಒಳ್ಳೆಯ ಅಂಕಿಗಳೇ. ಆದರೆ ಲೆಕ್ಕವೆಲ್ಲ ತೂಕದ್ದು, ಬರಿದಾದ ಪೊಟ್ಟಣವೋ ಗಾಳಿಗೆ ಹಾರುವಂಥದು. ಕಾರ್ಖಾನೆ ಎಷ್ಟೇ ಹೊಸ ವಿದ್ಯೆ ಕಲಿಯಲಿ, ಚರಂಡಿಯಿಂದ ಅದನ್ನು ಎತ್ತುವ ಕೈಗೆ ಕೂಲಿ ಬರುವುದೆಲ್ಲಿಂದ ಎಂಬ ಪ್ರಶ್ನೆಗೆ ಮಾರಿದವರೇ ಉತ್ತರ ಕೊಡಬೇಕೆಂಬುದು ನನ್ನ ಮತ.

ಮೊನ್ನೆ ಅವಳನ್ನು ಮತ್ತೆ ಕೇಳಿದೆ, ಹಾಲಿನ ಕವರಿನ ಬೆಲೆಯನ್ನೇ ಕೊಟ್ಟರೆ ಆಯುತ್ತೀಯೇನಮ್ಮಾ ಎಂದು.

“ಕಿಲೋ ಆಗೋ ಹೊತ್ತಿಗೆ ಸೊಂಟ ಬಿದ್ದೋಗತ್ತೆ ಸ್ವಾಮಿ” ಎಂದು ನಕ್ಕು, ಚೀಲವನ್ನು ಹೆಗಲಿಗೇರಿಸಿ ಮುಂದಿನ ಮನೆಯತ್ತ ಹೋದಳು.